ಹೊಸ ಸೈಕಲ್ಲಿನ ಹದ

ರೋಣ, ನರಗುಂದಗಳ ಎರೆಹೊಲಗಳಲ್ಲಿ ಹಿಂಗಾರಿ ಬಿತ್ತನೆಗೆ ಹೊರಟ ರೈತನು, ಬಡಿಗನು ಮಾಡಿಕೊಟ್ಟ ಹೊಸ ಕೂರಿಗೆಯನ್ನು ಹಾಗೆಯೇ ತಂದು ಹೊಲಕ್ಕೆ ಹೂಡುವುದಿಲ್ಲ. ಮೊದಲು ಅದನ್ನು ನೆಲದ ಮೇಲಿಟ್ಟು ಅದರ ತಾಳುಗಳು ಒಂದೇ ಸಮನಾಗಿವೆಯೇ ಎಂದು ನೋಡುತ್ತಾನೆ. ಈಸನ್ನು ನೊಗಕ್ಕೆ ಬಿಗಿಯುವ ಹಗ್ಗವನ್ನು ತುಸು ಹಿಂದೆಮುಂದೆ ಸರಿಸಿ, ಬೀಜವು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಗೊತ್ತುಮಾಡುತ್ತಾನೆ. ಹೊಲದ ಅಂಚಿನಲ್ಲಿ ಒಂದೆರಡು ಸಾಲು ಹೊಡೆದು, ಮಣ್ಣು ಕೆದಕಿ ನೋಡಿ, ಮತ್ತೊಮ್ಮೆ ಕಟ್ಟನ್ನು ತಿದ್ದುತ್ತಾನೆ. ಆಮೇಲೆಯೇ ಬಿತ್ತನೆ ಸಾಗುವುದು. ಬಡಿಗನ ಕೆಲಸದಲ್ಲಿ ಕೊರತೆಯಿದ್ದುದರಿಂದ ರೈತನು ಹೀಗೆ ಮಾಡುತ್ತಾನೆಂದಲ್ಲ. ಸಾಧನವು ಎಷ್ಟೇ ಹೊಸದಾಗಿದ್ದರೂ, ಅದು ದುಡಿಯಬೇಕಾದ ನೆಲಕ್ಕೂ ಅದನ್ನು ನಡೆಸುವ ಕೈಗೂ ಹೊಂದಿಕೊಳ್ಳುವವರೆಗೆ ಅದಕ್ಕೆ ಹದ ಬಂದಿರುವುದಿಲ್ಲ. ಈ ಮಾತು ಕೂರಿಗೆಗೆ ಹೇಗೋ ಸೈಕಲ್ಲಿಗೂ ಹಾಗೆಯೇ ಅನ್ವಯಿಸುತ್ತದೆ. ಅದರಲ್ಲಿಯೂ ಗುಡ್ಡದಿಂದ ಇಳಿಯಬೇಕಾದ ಸೈಕಲ್ಲಿನ ವಿಷಯದಲ್ಲಿ ಇದು ಪ್ರಾಣರಕ್ಷಣೆಯ ಮಾತೇ ಆಗಿದೆ.

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿರುವ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಸೈಕಲ್ ಸವಾರನಿಗೆ ಎರಡು ಬಗೆಯ ನೆಲವನ್ನು ಒದಗಿಸುತ್ತವೆ. ರೋಣ ಮತ್ತು ನರಗುಂದಗಳ ಬಹುಭಾಗವು ಕಣ್ಣು ಹಾಯುವವರೆಗೂ ಚಾಚಿದ ಕಪ್ಪುಮಣ್ಣಿನ ಬಯಲು. ಜೋಳ, ಕಡಲೆ, ಗೋದಿ, ಸೂರ್ಯಕಾಂತಿಗಳ ನಡುವೆ ದಾರಿಗಳು ನೇರವಾಗಿ ಸಾಗುತ್ತವೆ. ಆ ಬಯಲಿನ ನಡುವೆ ನರಗುಂದದ ಕೋಟೆಯ ಗುಡ್ಡವು ಒಂಟಿಯಾಗಿ ತಲೆಯೆತ್ತಿ ನಿಂತಿದೆ. ಇದು 1858ರ ಬಂಡಾಯದಿಂದ ಹೆಸರಾದ ಸ್ಥಳ. ಪೂರ್ವಕ್ಕೆ ಗಜೇಂದ್ರಗಡದ ಕಡೆಗೆ ಸಾಗಿದರೆ ನೆಲದ ಸ್ವರೂಪವೇ ಬದಲಾಗುತ್ತದೆ. ಕಲ್ಲುಗುಡ್ಡಗಳ ಸಾಲು, ಗುಡ್ಡದ ಮೇಲೆ ಹಳೆಯ ಕೋಟೆ, ಬೆಟ್ಟದ ಓರೆಯಲ್ಲಿ ಕಾಲಕಾಲೇಶ್ವರನ ಗುಡಿ, ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು, ಇವು ಅಲ್ಲಿಯ ನೋಟ. ಬಯಲಿನಲ್ಲಿ ಸೈಕಲ್ ತುಳಿದು ಬೆಳೆದವನು ಇಲ್ಲಿಗೆ ಬಂದಾಗ ಇಳಿಜಾರು ಎಂಬ ಹೊಸ ಪರೀಕ್ಷಕನನ್ನು ಎದುರಿಸಬೇಕಾಗುತ್ತದೆ.

ಬಯಲಿನಲ್ಲಿ ಸೈಕಲ್ಲಿನ ಅನೇಕ ದೋಷಗಳು ಅಡಗಿಕೊಂಡಿರುತ್ತವೆ. ಬ್ರೇಕು ತುಸು ಸಡಿಲವಾಗಿದ್ದರೂ ಸವಾರನು ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ಲು ತಾನಾಗಿಯೇ ನಿಧಾನವಾಗುತ್ತದೆ. ಹ್ಯಾಂಡಲ್ಲಿನ ನಟ್ಟು ಸಡಿಲವಾಗಿದ್ದರೂ ನೇರ ದಾರಿಯಲ್ಲಿ ಅದು ಗಮನಕ್ಕೆ ಬರುವುದಿಲ್ಲ. ಆದರೆ ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದ ಮೇಲೂ ವೇಗವು ಹೆಚ್ಚುತ್ತಲೇ ಹೋಗುತ್ತದೆ. ಬಯಲು ಮುಚ್ಚಿಟ್ಟ ದೋಷವನ್ನು ಗುಡ್ಡವು ಬಯಲಿಗೆಳೆಯುತ್ತದೆ. ಅದು ಬಯಲಾಗುವ ಹೊತ್ತಿಗೆ ತಿದ್ದಿಕೊಳ್ಳಲು ಸಮಯ ಉಳಿದಿರುವುದಿಲ್ಲ.

ಈ ಸೀಮೆಯ ಮಕ್ಕಳಿಗೆ ಸೈಕಲ್ಲು ಅಪರಿಚಿತವಲ್ಲ. ಹಳ್ಳಿಯಿಂದ ಪ್ರೌಢಶಾಲೆಗೆ ಹೋಗಿಬರುವ ಸಾವಿರಾರು ವಿದ್ಯಾರ್ಥಿಗಳ ಓದನ್ನು ಅದು ಉಳಿಸಿಕೊಟ್ಟಿದೆ. ಕರ್ನಾಟಕ ಸರ್ಕಾರವು 2006–07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚುವ ಯೋಜನೆಯನ್ನು ಆರಂಭಿಸಿ ಹಲವು ವರ್ಷ ನಡೆಸಿತು. ಇತ್ತೀಚೆಗೆ ದಪ್ಪ ಟಯರು, ಗೇರು, ಡಿಸ್ಕ್ ಬ್ರೇಕುಗಳುಳ್ಳ ಸೈಕಲ್ಲುಗಳೂ ಸಣ್ಣ ಪಟ್ಟಣಗಳ ಅಂಗಡಿಗಳಿಗೆ ಬಂದಿವೆ. ಉತ್ತರ ಕರ್ನಾಟಕದ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಿಂದ ಹೊರಟ ಓಟಗಾರರು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಹೆಸರು ಗಳಿಸಿದ್ದಾರೆ. ಹೀಗಿರುವಾಗ ಗುಡ್ಡದ ಸೈಕಲ್ಲಿನ ಮೇಲೆ ಎಳೆಯರಿಗೆ ಆಸೆಯುಂಟಾಗುವುದು ಸಹಜ. ಆ ಆಸೆಗೆ ತಿಳಿವಳಿಕೆಯ ಜೊತೆಯೂ ಇರಬೇಕು.

ಸೈಕಲ್ಲಿನ ಇತಿಹಾಸವೇ ಒಂದು ರೀತಿಯಲ್ಲಿ ಹದಗೊಳಿಸುವಿಕೆಯ ಇತಿಹಾಸ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು ಮಾಡಿದ ಮರದ ವಾಹನಕ್ಕೆ ಎರಡು ಗಾಲಿಗಳಿದ್ದವು, ಪೆಡಲ್ ಇರಲಿಲ್ಲ. ಸವಾರನು ನೆಲವನ್ನು ಕಾಲಿನಿಂದ ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲ್ ಬಂದಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಿಮೆ ಸಮನಾದ ಗಾಲಿಗಳೂ ಹಿಂದಿನ ಗಾಲಿಗೆ ಚೈನೂ ಇದ್ದ ಸೈಕಲ್ಲನ್ನು ರೂಪಿಸಿದನು. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದನು. ಇಂದಿನ ಸಾಮಾನ್ಯ ಸೈಕಲ್ಲಿನ ಮೈಕಟ್ಟು ಅಷ್ಟರಲ್ಲಿ ಸಿದ್ಧವಾಗಿತ್ತು.

ಗುಡ್ಡದ ಸೈಕಲ್ಲು ಹುಟ್ಟಿದ್ದು ಅದಕ್ಕೆ ಬಹುಕಾಲದ ನಂತರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರದೇಶದಲ್ಲಿ ಕೆಲವು ತರುಣರು 1970ರ ದಶಕದಲ್ಲಿ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಕೊಂಡು, ಅವುಗಳ ಬೇಡದ ಭಾಗಗಳನ್ನು ಬಿಚ್ಚಿಹಾಕಿ, ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಯತೊಡಗಿದರು. 1976ರ ಅಕ್ಟೋಬರಿನಲ್ಲಿ ಅವರು ಒಂದು ದಾರಿಯಲ್ಲಿ ಪಂದ್ಯವನ್ನೇ ಏರ್ಪಡಿಸಿದರು. ಸುಮಾರು 3 ಕಿಲೋಮೀಟರ್ ದೂರದಲ್ಲಿ ಸುಮಾರು 400 ಮೀಟರ್ ಕೆಳಗಿಳಿಯುವ ದಾರಿ ಅದು. ಆ ಸೈಕಲ್ಲುಗಳಿಗೆ ಇದ್ದುದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಬಾರಿ ಇಳಿಯುವಷ್ಟರಲ್ಲಿ ಗಾಲಿಯ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಗುಂಬವನ್ನು ಬಿಚ್ಚಿ ಹೊಸದಾಗಿ ಗ್ರೀಸನ್ನು ತುಂಬಬೇಕಾಗಿತ್ತು. ಆದುದರಿಂದ ಆ ದಾರಿಗೆ 'ಮತ್ತೆ ತುಂಬು' ಎಂಬರ್ಥದ 'ರೀಪ್ಯಾಕ್' ಎಂಬ ಹೆಸರೇ ನಿಂತಿತು. ಗುಡ್ಡ ಇಳಿಯುವ ಆಟವು ಮೊದಲ ದಿನದಿಂದಲೂ ಪಾನಾ ಹಿಡಿದ ಕೈಯನ್ನು ಬೇಡಿತೆಂಬುದಕ್ಕೆ ಈ ಹೆಸರೇ ಸಾಕ್ಷಿ. ಮುಂದೆ 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಗುಡ್ಡದ ಸೈಕಲ್ಲಿನ ಮೊದಲ ಅಧಿಕೃತ ವಿಶ್ವಸ್ಪರ್ಧೆ ನಡೆದಾಗ, ಗುಡ್ಡ ಇಳಿಯುವ 'ಡೌನ್‌ಹಿಲ್' ಓಟವೂ ಅದರಲ್ಲಿ ಸೇರಿತ್ತು.

ಇಳಿಜಾರು ಸೈಕಲ್ಲಿನಿಂದ ಏನನ್ನು ಬೇಡುತ್ತದೆ? ಸ್ವಲ್ಪ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 40 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು 20 ಕಿಲೋಗ್ರಾಂ ತೂಕದ ಸೈಕಲ್ಲಿನ ಮೇಲೆ 50 ಮೀಟರ್ ಎತ್ತರದಿಂದ ಕೆಳಗಿಳಿಯುತ್ತಾನೆಂದು ಭಾವಿಸೋಣ. ತೂಕ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳನ್ನು ಗುಣಿಸಿದರೆ 29,400 ಜೂಲ್ ಶಕ್ತಿ ದೊರೆಯುತ್ತದೆ. ಗಾಳಿಯ ತಡೆ, ಘರ್ಷಣೆ, ಬ್ರೇಕು ಯಾವುದೂ ಇಲ್ಲದಿದ್ದರೆ ಈ ಶಕ್ತಿಯು ಸೈಕಲ್ಲಿಗೆ ಗಂಟೆಗೆ 110 ಕಿಲೋಮೀಟರಿಗೂ ಮಿಗಿಲಾದ ವೇಗವನ್ನು ಕೊಡಬಲ್ಲುದು. ಸವಾರನು ನಿಧಾನವಾಗಿ ಇಳಿದು ಕೆಳಗೆ ನಿಲ್ಲಬೇಕಾದರೆ ಆ ಶಕ್ತಿಯಲ್ಲಿ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಅದು ಒಂದು ಲೀಟರ್ ನೀರನ್ನು ಸುಮಾರು 7 ಡಿಗ್ರಿಯಷ್ಟು ಬಿಸಿಮಾಡುವ ಶಾಖ. ಬೆರಳುಗಾತ್ರದ ನಾಲ್ಕು ರಬ್ಬರ್ ತುಂಡುಗಳ ಮೇಲೆ ಇಷ್ಟೊಂದು ಹೊಣೆ ಬೀಳುತ್ತದೆ. ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಕು ಮಡಿಯಾಗುವುದರಿಂದ, ಬ್ರೇಕು ಹಿಡಿದ ಮೇಲೆ ಸೈಕಲ್ಲು ನಿಲ್ಲಲು ಬೇಕಾಗುವ ದೂರವೂ ನಾಲ್ಕು ಮಡಿಯಾಗುತ್ತದೆ ಎಂಬುದನ್ನು ಮರೆಯಬಾರದು.

ಕಾರ್ಖಾನೆಯಿಂದ ಸೈಕಲ್ಲು ಪೂರ್ಣರೂಪದಲ್ಲಿ ಬರುವುದಿಲ್ಲ. ಸಾಗಣೆಯ ಅನುಕೂಲಕ್ಕಾಗಿ ಹ್ಯಾಂಡಲ್ಲನ್ನು ಓರೆಮಾಡಿ, ಪೆಡಲುಗಳನ್ನು ಬಿಚ್ಚಿ, ಮುಂದಿನ ಗಾಲಿಯನ್ನು ಕಳಚಿ ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಾರೆ. ಅದನ್ನು ಜೋಡಿಸುವ ಕೆಲಸ ಅಂಗಡಿಯವನದು. ಜೋಡಿಸುವುದು ಬೇರೆ, ಹದಗೊಳಿಸುವುದು ಬೇರೆ. ಬಿಡಿ ಭಾಗಗಳು ಒಂದಾದಾಗ ಸೈಕಲ್ಲು ಜೋಡಣೆಯಾಯಿತು. ಆ ಭಾಗಗಳು ಸವಾರನ ಮೈಯಳತೆಗೂ ಅವನು ಸಾಗುವ ದಾರಿಗೂ ಒಪ್ಪಿದಾಗ ಮಾತ್ರ ಅದು ಹದವಾಯಿತು. ಮೊದಲನೆಯದನ್ನು ಅಂಗಡಿಯವನೊಬ್ಬನೇ ಮಾಡಬಲ್ಲನು. ಎರಡನೆಯದಕ್ಕೆ ಸವಾರನೂ ಕೈಗೂಡಿಸಬೇಕು.

ಪರೀಕ್ಷೆಯನ್ನು ಸೈಕಲ್ಲಿನ ಕೊರಳಿನಿಂದ ಆರಂಭಿಸುವುದು ಲೇಸು. ಹ್ಯಾಂಡಲ್ಲಿನ ಕೆಳಗೆ, ಫೋರ್ಕು ಚೌಕಟ್ಟಿನೊಳಗೆ ತಿರುಗುವ ಎಡೆಯಲ್ಲಿ ಬೇರಿಂಗುಗಳಿರುತ್ತವೆ. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ಕೊರಳಿನ ಮೇಲೆ ಇನ್ನೊಂದು ಕೈಯ ಬೆರಳನ್ನಿಟ್ಟಾಗ 'ಟಕ್ ಟಕ್' ಎಂಬ ಅಲುಗಾಟ ತಿಳಿದರೆ ಬೇರಿಂಗು ಸಡಿಲವಾಗಿದೆಯೆಂದು ಅರ್ಥ. ಮುಂದಿನ ಗಾಲಿಯನ್ನು ನೆಲದಿಂದೆತ್ತಿ ಹ್ಯಾಂಡಲ್ಲನ್ನು ಮೆಲ್ಲನೆ ತಳ್ಳಿದಾಗ ಅದು ತಡೆದು ತಡೆದು ತಿರುಗಿದರೆ ಬಿಗಿ ಹೆಚ್ಚಾಗಿದೆಯೆಂದು ಅರ್ಥ. ಸಡಿಲವಾದರೆ ಇಳಿಜಾರಿನಲ್ಲಿ ಹ್ಯಾಂಡಲ್ಲು ನಡುಗುತ್ತದೆ. ಅತಿ ಬಿಗಿಯಾದರೆ ತಿರುವಿನಲ್ಲಿ ಸೈಕಲ್ಲು ಮಾತು ಕೇಳುವುದಿಲ್ಲ. ಅಲುಗಾಟವಿಲ್ಲದೆ, ಆದರೆ ಸರಾಗವಾಗಿ ತಿರುಗುವ ಸ್ಥಿತಿಯೇ ಹದ.

ಅನಂತರ ನಟ್ಟು ಬೋಲ್ಟುಗಳ ಸರದಿ. ಬಲವಿದ್ದಷ್ಟೂ ಬಿಗಿಯುವುದು ಒಳ್ಳೆಯದೆಂದು ಅನೇಕರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಅತಿಯಾಗಿ ಬಿಗಿದ ಬೋಲ್ಟಿನ ಸುತ್ತುಗಳು ಹರಿಯುತ್ತವೆ ಅಥವಾ ಒಳಗೊಳಗೇ ಬಿರುಕುಬಿಟ್ಟು ಬೇಡದ ಗಳಿಗೆಯಲ್ಲಿ ಮುರಿಯುತ್ತವೆ. ಈಗಿನ ಸೈಕಲ್ಲುಗಳಲ್ಲಿ ಎಷ್ಟು ಬಿಗಿಯಬೇಕೆಂಬುದನ್ನು ನ್ಯೂಟನ್ ಮೀಟರ್ ಎಂಬ ಮಾನದಲ್ಲಿ ಆಯಾ ಭಾಗದ ಮೇಲೆಯೇ ಅಚ್ಚು ಹಾಕಿರುವುದುಂಟು. ಹ್ಯಾಂಡಲ್ಲನ್ನು ಹಿಡಿಯುವ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್ ಸಾಕು. ಎಂದರೆ 10 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 5 ಕಿಲೋಗ್ರಾಂ ತೂಕವನ್ನು ತೂಗುಹಾಕಿದಷ್ಟು ಬಲ. ಇದನ್ನು ಅಳೆದು ಬಿಗಿಯುವ ಪಾನಾಗಳೂ ಉಂಟು. ಒಂದೆಡೆಯಲ್ಲಿ ಎರಡು ಅಥವಾ ನಾಲ್ಕು ಬೋಲ್ಟುಗಳಿದ್ದರೆ ಒಂದನ್ನೇ ಪೂರ್ತಿ ಬಿಗಿಯದೆ, ಎಲ್ಲವನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು.

ಪೆಡಲುಗಳನ್ನು ಕೂರಿಸುವಾಗ ಒಂದು ವಿಶೇಷವನ್ನು ಗಮನಿಸಬೇಕು. ಬಲಗಡೆಯ ಪೆಡಲು ಎಲ್ಲ ಬೋಲ್ಟುಗಳಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡಗಡೆಯದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ತುಳಿಯುತ್ತ ಹೋದಂತೆ ಪೆಡಲು ತಾನಾಗಿಯೇ ಕಳಚಿಕೊಳ್ಳದಿರಲೆಂದು ಮಾಡಿದ ಏರ್ಪಾಡು ಇದು. ಇದನ್ನರಿಯದೆ ಎಡಬಲಗಳನ್ನು ಅದಲುಬದಲು ಮಾಡಿ ಬಲವಂತದಿಂದ ತಿರುಗಿಸಿದರೆ ಸುತ್ತುಗಳು ಕೆಟ್ಟು, ಹೊಸ ಸೈಕಲ್ಲು ಮೊದಲ ದಿನವೇ ದುರಸ್ತಿಗೆ ಹೋಗುತ್ತದೆ.

ಗಾಲಿಗಳ ಪರೀಕ್ಷೆಗೆ ಕಣ್ಣಿನಂತೆ ಕಿವಿಯೂ ಬೇಕು. ಗಾಲಿಯನ್ನು ಎತ್ತಿ ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದನ್ನು ನೋಡುತ್ತಿರಬೇಕು. ಒಂದು ಕಡೆ ಸಂದು ಕಿರಿದಾಗಿ ಇನ್ನೊಂದು ಕಡೆ ಹಿರಿದಾಗುತ್ತಿದ್ದರೆ ರಿಮ್ಮು ಓರೆಯಾಗಿದೆ. ಇದನ್ನು ಸರಿಪಡಿಸುವುದಕ್ಕೆ ಬೆಂಡು ತೆಗೆಯುವುದು ಎನ್ನುತ್ತಾರೆ. ರಿಮ್ಮು ಬಲಕ್ಕೆ ವಾಲಿದ್ದರೆ ಆ ಜಾಗದಲ್ಲಿ ಎಡಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿದು, ಬಲಬದಿಯ ಕಡ್ಡಿಯನ್ನು ಅಷ್ಟೇ ಸಡಿಲಿಸಬೇಕು. ಮತ್ತೆ ತಿರುಗಿಸಿ ನೋಡಬೇಕು. ಆತುರಪಟ್ಟು ಒಂದೇ ಕಡ್ಡಿಯನ್ನು ಎರಡು ಮೂರು ಸುತ್ತು ಬಿಗಿದರೆ ಓರೆಯು ಇನ್ನೊಂದು ಕಡೆಗೆ ಹೋಗುತ್ತದೆ. ಕಡ್ಡಿಗಳನ್ನು ಬೆರಳಿನಿಂದ ಮೀಟಿದಾಗ ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ದನಿಯನ್ನು ಕೊಡಬೇಕು. ಯಾವುದಾದರೊಂದು ಮಂಕಾಗಿ ನುಡಿದರೆ ಅದು ಸಡಿಲವಾಗಿದೆಯೆಂದು ತಿಳಿಯಬೇಕು. ವೀರೇಶ್ವರ ಪುಣ್ಯಾಶ್ರಮದಂಥ ಸಂಗೀತದ ನೆಲೆಯನ್ನು ಪಡೆದ ಗದಗ ಜಿಲ್ಲೆಯಲ್ಲಿ ತಂಬೂರಿಯ ತಂತಿಗಳನ್ನು ಶ್ರುತಿಗೊಳಿಸುವುದನ್ನು ನೋಡದವರು ವಿರಳ. ಗಾಲಿಯನ್ನು ಹದಗೊಳಿಸುವವನ ತಾಳ್ಮೆಯೂ ಅಂಥದೇ.

ಟಯರಿನ ಗಾಳಿಗೂ ಒಂದು ಅಳತೆಯಿದೆ. ಬಯಲಿನ ಡಾಂಬರು ರಸ್ತೆಯಲ್ಲಿ ಗಟ್ಟಿಯಾಗಿ ಗಾಳಿ ತುಂಬಿದ ಟಯರು ಹಗುರವಾಗಿ ಓಡುತ್ತದೆ. ಕಲ್ಲುಗುಡ್ಡದ ದಾರಿಯಲ್ಲಿ ಅದೇ ಟಯರು ಚೆಂಡಿನಂತೆ ಪುಟಿದು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತದೆ. ಗಾಳಿಯನ್ನು ತುಸು ಕಡಿಮೆ ಮಾಡಿದರೆ ಟಯರು ಕಲ್ಲುಗಳ ಆಕಾರಕ್ಕೆ ಬಾಗಿ ಹಿಡಿತವನ್ನು ಕೊಡುತ್ತದೆ. ಅತಿಯಾಗಿ ಕಡಿಮೆಯಾದರೆ ರಿಮ್ಮು ಕಲ್ಲಿಗೆ ಬಡಿದು ಟ್ಯೂಬು ಕಚ್ಚಿಕೊಂಡು ಹರಿಯುತ್ತದೆ. ಡೌನ್‌ಹಿಲ್ ಓಟದ ದಪ್ಪ ಟಯರುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಪೌಂಡಿನಷ್ಟು ಗಾಳಿಯಿಡುತ್ತಾರೆ. ಸಾಮಾನ್ಯ ಸೈಕಲ್ಲಿನ ತೆಳು ಟಯರಿಗೆ ಇದು ಸಾಲದು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನು ಓದಿ, ಆ ಮಿತಿಯೊಳಗೆ ಸವಾರನ ತೂಕಕ್ಕೂ ದಾರಿಗೂ ತಕ್ಕಂತೆ ನಿರ್ಧರಿಸಬೇಕು. ಈ ಸೀಮೆಯಲ್ಲಿ ಜಾಲಿಯ ಮುಳ್ಳಿಗೆ ಕೊರತೆಯಿಲ್ಲವಾದುದರಿಂದ ಪ್ರತಿದಿನವೂ ಟಯರನ್ನು ಕೈಯಿಂದ ತಡವಿ ನೋಡುವ ಅಭ್ಯಾಸ ಒಳ್ಳೆಯದು.

ಈಗ ಸವಾರನ ಮೈಯಳತೆಯ ವಿಚಾರ. ಸೀಟಿನ ಮೇಲೆ ಕುಳಿತು, ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗುವಂತಿರಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಬಯಲಿನ ದಾರಿಗೆ ಈ ಎತ್ತರ ಸರಿ. ಗುಡ್ಡ ಇಳಿಯುವಾಗ ಸೀಟನ್ನು ತಗ್ಗಿಸಬೇಕು. ಇಳಿಯುವವನು ಸೀಟಿನ ಮೇಲೆ ಕೂಡುವುದಿಲ್ಲ. ಪೆಡಲುಗಳನ್ನು ನೆಲಕ್ಕೆ ಸಮನಾಗಿರಿಸಿ, ಅವುಗಳ ಮೇಲೆ ನಿಂತು, ಮೊಣಕಾಲು ಮೊಣಕೈಗಳನ್ನು ಬಾಗಿಸಿ, ಮೈಯನ್ನು ತುಸು ಹಿಂದಕ್ಕೆ ಸರಿಸಿರುತ್ತಾನೆ. ಎತ್ತರದ ಸೀಟು ಆಗ ಅಡ್ಡಿಯಾಗುತ್ತದೆ. ಸೀಟಿನ ಕೊಳವೆಯ ಮೇಲೆ ಒಂದು ಗೆರೆಯಿರುತ್ತದೆ. ಅದು ಕಾಣುವಷ್ಟು ಮೇಲಕ್ಕೆ ಕೊಳವೆಯನ್ನು ಎಂದಿಗೂ ಎಳೆಯಬಾರದು. ಒಂದೇ ಸೈಕಲ್ಲನ್ನು ಅಣ್ಣ, ತಂಗಿ, ತಂದೆ ಮೂವರೂ ಬಳಸುವ ಮನೆಗಳು ಹಳ್ಳಿಗಳಲ್ಲಿ ಬಹಳ. ಅಂಥ ಮನೆಗಳಲ್ಲಿ ಪ್ರತಿಯೊಬ್ಬರ ಎತ್ತರಕ್ಕೂ ಕೊಳವೆಯ ಮೇಲೆ ಬಣ್ಣದ ಗುರುತನ್ನು ಹಾಕಿಟ್ಟರೆ ಅನುಕೂಲ.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಬ್ರೇಕಿನ ಹಿಡಿಯು ಸವಾರನ ಬೆರಳಿಗೆ ಸುಲಭವಾಗಿ ನಿಲುಕಬೇಕು. ದೊಡ್ಡವರ ಕೈಯಳತೆಗೆ ಇಟ್ಟ ಹಿಡಿಯು ಎಳೆಯರಿಗೆ ದೂರವಾಗುತ್ತದೆ. ಅದನ್ನು ಹತ್ತಿರಕ್ಕೆ ತರುವ ಸಣ್ಣ ತಿರುಪು ಅನೇಕ ಸೈಕಲ್ಲುಗಳಲ್ಲಿ ಇದೆ. ಹಿಡಿಯನ್ನು ಪೂರ್ತಿ ಒತ್ತಿದರೂ ಅದು ಹ್ಯಾಂಡಲ್ಲಿಗೆ ತಾಗಬಾರದು. ತಾಗಿದರೆ ತಂತಿಯನ್ನು ಬಿಗಿಯಬೇಕು. ರಬ್ಬರ್ ತುಂಡುಗಳು ರಿಮ್ಮಿನ ಲೋಹಕ್ಕೆ ಮಾತ್ರ ತಾಗಬೇಕು. ಮೇಲಕ್ಕೆ ಸರಿದು ಟಯರಿಗೆ ತಾಗಿದರೆ ಟಯರು ಸವೆದು ಸಿಡಿಯುತ್ತದೆ. ಕೆಳಕ್ಕೆ ಸರಿದರೆ ಕಡ್ಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಯಾವ ಕೈಯ ಹಿಡಿ ಯಾವ ಗಾಲಿಗೆ ಸೇರಿದೆಯೆಂಬುದನ್ನು ಹೊಸ ಸೈಕಲ್ಲು ಹತ್ತುವ ಮೊದಲೇ ತಿಳಿದುಕೊಳ್ಳಬೇಕು.

ಡಿಸ್ಕ್ ಬ್ರೇಕುಳ್ಳ ಹೊಸ ಸೈಕಲ್ಲಿನಲ್ಲಿ ಮೊದಲ ದಿನ ಬ್ರೇಕು ಅರೆಬರೆಯಾಗಿಯೇ ಹಿಡಿಯುತ್ತದೆ. ಉಜ್ಜುವ ತುಂಡಿಗೂ ಉಕ್ಕಿನ ತಟ್ಟೆಗೂ ಇನ್ನೂ ಹೊಂದಿಕೆಯಾಗಿರದಿರುವುದೇ ಇದಕ್ಕೆ ಕಾರಣ. ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ಸಾಧಾರಣ ವೇಗದಿಂದ ಬಂದು, ಬ್ರೇಕನ್ನು ಕ್ರಮವಾಗಿ ಒತ್ತುತ್ತ ನಡಿಗೆಯ ವೇಗಕ್ಕಿಳಿದು, ಪೂರ್ತಿ ನಿಲ್ಲುವ ಮೊದಲೇ ಬಿಟ್ಟುಬಿಡಬೇಕು. ಒಂದೊಂದು ಬ್ರೇಕಿಗೂ ಹೀಗೆ ಸುಮಾರು 20 ಬಾರಿ ಮಾಡಿದರೆ ತುಂಡಿನ ತೆಳುವಾದ ಪದರವೊಂದು ತಟ್ಟೆಯ ಮೇಲೆ ಸಮನಾಗಿ ಹರಡಿ, ಹಿಡಿತವು ಬಲಗೊಳ್ಳುತ್ತದೆ. ತಟ್ಟೆಗೆ ಎಣ್ಣೆಯಾಗಲಿ ಗ್ರೀಸಾಗಲಿ ತಾಗಬಾರದು. ಹೊಳೆಯಲೆಂದು ಎಣ್ಣೆಬಟ್ಟೆಯಿಂದ ಒರೆಸುವುದು ಬ್ರೇಕನ್ನು ಕೈಯಾರೆ ಕೆಡಿಸಿದಂತೆ.

ಡೌನ್‌ಹಿಲ್ ಓಟಕ್ಕೆಂದೇ ಮಾಡಿದ ಸೈಕಲ್ಲಿನಲ್ಲಿ ಮುಂದೆಯೂ ಹಿಂದೆಯೂ ಕುಲುಕನ್ನು ತಾಳಿಕೊಳ್ಳುವ ಸಸ್ಪೆನ್ಶನ್ ಇರುತ್ತದೆ. ಅದರ ಗಾಲಿಗಳು ಸುಮಾರು 200 ಮಿಲಿಮೀಟರಿನಷ್ಟು ಮೇಲಕ್ಕೆ ಸರಿಯಬಲ್ಲವು. ಸವಾರನು ಸೈಕಲ್ಲಿನ ಮೇಲೆ ಸುಮ್ಮನೆ ನಿಂತಾಗಲೇ ಸಸ್ಪೆನ್ಶನ್ ಸ್ವಲ್ಪ ಕುಗ್ಗಬೇಕು. ಹೀಗೆ ಕುಗ್ಗಿದ್ದರೆ ತಗ್ಗು ಬಂದಾಗ ಗಾಲಿಯು ಕೆಳಕ್ಕಿಳಿದು ನೆಲವನ್ನು ಬಿಡದೆ ಹಿಡಿಯುತ್ತದೆ. ಮುಂದಿನದು ಒಟ್ಟು ಚಲನೆಯ ಐದರಲ್ಲೊಂದು ಭಾಗದಷ್ಟೂ ಹಿಂದಿನದು ಹತ್ತರಲ್ಲಿ ಮೂರು ಭಾಗದಷ್ಟೂ ಕುಗ್ಗುವುದು ಸಾಮಾನ್ಯವಾದ ಅಳತೆ. ಫೋರ್ಕಿನ ನುಣುಪಾದ ಕೊಳವೆಗೆ ತೆಳ್ಳನೆಯ ರಬ್ಬರ್ ಬಳೆಯೊಂದನ್ನು ತೊಡಿಸಿ, ಮೆಲ್ಲನೆ ಹತ್ತಿ ಇಳಿದು, ಅದು ಎಷ್ಟು ಸರಿದಿದೆಯೆಂದು ಅಳತೆಪಟ್ಟಿಯಿಂದ ನೋಡಿದರೆ ಇದು ತಿಳಿಯುತ್ತದೆ. ಹೆಚ್ಚು ಕುಗ್ಗಿದರೆ ಗಾಳಿಯ ಒತ್ತಡವನ್ನು ಏರಿಸಬೇಕು ಅಥವಾ ಗಡುಸಾದ ಸ್ಪ್ರಿಂಗನ್ನು ಹಾಕಬೇಕು. ಕಡಿಮೆ ಕುಗ್ಗಿದರೆ ಇದಕ್ಕೆ ವಿರುದ್ಧ. 45 ಕಿಲೋಗ್ರಾಂ ತೂಕದವನಿಗೆ ಹದವಾದ ಸೈಕಲ್ಲು 75 ಕಿಲೋಗ್ರಾಂ ತೂಕದವನಿಗೆ ಹದವಾಗಲಾರದು.

ಕುಗ್ಗಿದ ಸ್ಪ್ರಿಂಗು ಎಷ್ಟು ಬೇಗ ಮರಳಬೇಕೆಂಬುದನ್ನು ಗೊತ್ತುಮಾಡುವ ತಿರುಪು ಬೇರೆಯಿರುತ್ತದೆ. ಅದು ಬಹಳ ಬೇಗ ಮರಳಿದರೆ ಸೈಕಲ್ಲು ಸವಾರನನ್ನು ಎತ್ತಿ ಎಸೆಯುತ್ತದೆ. ಬಹಳ ನಿಧಾನವಾದರೆ, ಒಂದು ಕಲ್ಲಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಕಲ್ಲು ಬಂದು ಸಸ್ಪೆನ್ಶನ್ ಕುಗ್ಗುತ್ತಲೇ ಹೋಗುತ್ತದೆ. ಇಲ್ಲಿ ಅನುಸರಿಸಬೇಕಾದ ನಿಯಮವೊಂದುಂಟು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಬೇಕು. ಬದಲಾಯಿಸಿದುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಅದೇ ದಾರಿಯಲ್ಲಿ ಮತ್ತೊಮ್ಮೆ ಇಳಿದು ನೋಡಬೇಕು. ಎರಡು ಮೂರು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದವನಿಗೆ ಗುಣವಾದರೂ ಕೆಟ್ಟರೂ ಕಾರಣ ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ವೈಜ್ಞಾನಿಕ ವಿಧಾನವೂ ಇದೇ ಅಲ್ಲವೇ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದಪ್ಪ ಟಯರು ಮತ್ತು ಸ್ಪ್ರಿಂಗಿನ ಫೋರ್ಕು ಇದ್ದ ಮಾತ್ರಕ್ಕೆ ಯಾವ ಸೈಕಲ್ಲೂ ಡೌನ್‌ಹಿಲ್ ಓಟಕ್ಕೆ ಯೋಗ್ಯವಾಗುವುದಿಲ್ಲ. ಕಡಿಮೆ ಬೆಲೆಯ ಅನೇಕ ಸೈಕಲ್ಲುಗಳು ನೋಟಕ್ಕೆ ಗುಡ್ಡದ ಸೈಕಲ್ಲಿನಂತಿದ್ದರೂ ಅವುಗಳ ಚೌಕಟ್ಟು ಮತ್ತು ಫೋರ್ಕುಗಳನ್ನು ರಸ್ತೆಗೂ ಸಾಧಾರಣ ಮಣ್ಣುದಾರಿಗೂ ಮಾತ್ರ ತಕ್ಕಂತೆ ಮಾಡಿರುತ್ತಾರೆ. ತಯಾರಕರು ಕೊಡುವ ಕೈಪಿಡಿಯಲ್ಲಿ ಆ ಸೈಕಲ್ಲನ್ನು ಯಾವ ಬಗೆಯ ಬಳಕೆಗಾಗಿ ಮಾಡಿದೆಯೆಂದು ಬರೆದಿರುವುದುಂಟು. ಅದನ್ನು ಓದದೆ ಬಂಡೆಯಿಂದ ಬಂಡೆಗೆ ಹಾರಿಸುವುದು ಅಪಾಯಕರ. ಹದಗೊಳಿಸುವುದೆಂದರೆ ಸಾಧನದ ಮಿತಿಯನ್ನು ಅರಿಯುವುದೂ ಹೌದು.

ಹೀಗೆ ಸಿದ್ಧವಾದ ಸೈಕಲ್ಲನ್ನು ಮೊದಲ ದಿನವೇ ಗುಡ್ಡದ ನೆತ್ತಿಗೆ ಒಯ್ಯಬಾರದು. ಶಾಲೆಯ ಮೈದಾನದಲ್ಲಿ ಕೆಲವು ಸುತ್ತು, ಅನಂತರ ಊರಹೊರಗಿನ ಸಣ್ಣ ಇಳಿಜಾರು, ಅದಾದ ಮೇಲೆ ದೊಡ್ಡ ಇಳಿಜಾರು ಎಂಬ ಕ್ರಮ ಒಳ್ಳೆಯದು. ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಬಳಸಬೇಕು. ಬ್ರೇಕು ಹಿಡಿದಾಗ ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಅದನ್ನು ಒಮ್ಮೆಲೇ ಬಿಗಿಹಿಡಿದರೆ ಸವಾರನು ಹ್ಯಾಂಡಲ್ಲಿನ ಮೇಲಿಂದ ಮುಗ್ಗರಿಸಬಹುದು. ತಿರುವು ಬರುವ ಮೊದಲೇ ವೇಗವನ್ನು ಇಳಿಸಿಕೊಳ್ಳಬೇಕು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುವವನು ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತಡಮಾಡಿದರೆ, ಅಷ್ಟರಲ್ಲಿ 8 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ತಲೆಗೆ ಹೆಲ್ಮೆಟ್ ಇಲ್ಲದೆ ಗುಡ್ಡ ಇಳಿಯಕೂಡದು. ದೊಡ್ಡವರೊಬ್ಬರು ಜೊತೆಗಿರುವುದೂ ಅವಶ್ಯ. ಗುಡ್ಡದ ದಾರಿಯಲ್ಲಿ ಯಾತ್ರಿಕರು, ಕುರಿಗಾಹಿಗಳು, ಸೌದೆ ಹೊತ್ತ ಹೆಂಗಸರು ನಡೆಯುತ್ತಿರುತ್ತಾರೆ. ದಾರಿ ಮೊದಲು ಅವರದು. ಗುಡಿಯ ಮೆಟ್ಟಿಲುಗಳೂ ಕೋಟೆಯ ಹಳೆಯ ಗೋಡೆಗಳೂ ಸೈಕಲ್ಲಿನ ಆಟಕ್ಕೆ ತಕ್ಕ ಜಾಗಗಳಲ್ಲ.

ಮೊದಲ ಕೆಲವು ದಿನಗಳ ಓಡಾಟದ ನಂತರ ಸೈಕಲ್ಲನ್ನು ಮತ್ತೊಮ್ಮೆ ಆಮೂಲಾಗ್ರವಾಗಿ ನೋಡಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಹೊಸ ಬ್ರೇಕಿನ ತಂತಿಯು ತನ್ನ ಕವಚದೊಳಗೆ ನೆಲೆಗೊಳ್ಳುತ್ತ ಸಡಿಲವಾಗುತ್ತದೆ. ಕಡ್ಡಿಗಳ ತಲೆಗಳು ತಮ್ಮ ಎಡೆಯಲ್ಲಿ ಕೂರುತ್ತ ಬಿಗಿ ಕಳೆದುಕೊಳ್ಳುತ್ತವೆ. ಕೊರಳಿನ ಬೇರಿಂಗು ಅಮರಿಕೊಂಡು ಸಣ್ಣ ಅಲುಗಾಟ ಹುಟ್ಟುತ್ತದೆ. ಇದು ಕಳಪೆ ಮಾಲಿನ ಲಕ್ಷಣವಲ್ಲ. ಹೊಸದಾಗಿ ಕಟ್ಟಿದ ಮನೆಯ ಬಾಗಿಲು ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಉಜ್ಜಿಸಿಕೊಳ್ಳುವಂತೆ, ಬಿಡಿ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ರೀತಿಯೇ ಹೀಗೆ. ಈ ಎರಡನೆಯ ಬಿಗಿತವಾದ ಮೇಲೆ ಸೈಕಲ್ಲು ಬಹುಕಾಲ ನೆಮ್ಮದಿಯಿಂದ ದುಡಿಯುತ್ತದೆ. ಇದನ್ನು ಮಾಡದೆ ಗುಡ್ಡಕ್ಕೆ ಹೋದವನು ಹೊಸ ಸೈಕಲ್ಲಿದ್ದೂ ಅಪಾಯವನ್ನು ತಂದುಕೊಳ್ಳುತ್ತಾನೆ.

ರೈಟ್ ಸಹೋದರರು 1903ರಲ್ಲಿ ವಿಮಾನವನ್ನು ಹಾರಿಸುವುದಕ್ಕೆ ಮೊದಲು ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿಯನ್ನು ನಡೆಸುತ್ತಿದ್ದರು. ಚೈನು, ಗಾಲಿ, ತಂತಿಗಳನ್ನು ಹದಗೊಳಿಸಿದ ಕೈಗಳೇ ಮುಂದೆ ವಿಮಾನದ ರೆಕ್ಕೆಗಳನ್ನೂ ಹದಗೊಳಿಸಿದವು. ರೋಣದ ಬಸ್‌ನಿಲ್ದಾಣದ ಬಳಿಯಾಗಲಿ ಗಜೇಂದ್ರಗಡದ ಪೇಟೆಯಲ್ಲಾಗಲಿ ಗಾಲಿಯನ್ನು ತಿರುಗಿಸುತ್ತ, ಕಣ್ಣು ಕಿರಿದುಮಾಡಿ ರಿಮ್ಮಿನ ಅಂಚನ್ನು ನೋಡುತ್ತ ಕುಳಿತ ಸೈಕಲ್ ದುರಸ್ತಿಗಾರನ ಕೈಯಲ್ಲಿಯೂ ಅದೇ ವಿದ್ಯೆಯಿದೆ. ಅವನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಿದ ವಿದ್ಯಾರ್ಥಿಯು ಬಲ, ಘರ್ಷಣೆ, ಶಾಖ, ಸಮತೋಲನಗಳ ಪಾಠವನ್ನು ಕಣ್ಣಾರೆ ಕಂಡಂತಾಗುತ್ತದೆ.

ಕಾರ್ಖಾನೆಯು ಸೈಕಲ್ಲನ್ನು ಎಲ್ಲರಿಗಾಗಿ ಮಾಡುತ್ತದೆ. ಅದನ್ನು ಒಬ್ಬ ಸವಾರನಿಗಾಗಿ, ಒಂದು ದಾರಿಗಾಗಿ ಮಾಡಿಕೊಳ್ಳುವ ಹೊಣೆ ಬಳಸುವವನದು. ಸಡಿಲವೂ ಅಲ್ಲದ, ಅತಿ ಬಿಗಿಯೂ ಅಲ್ಲದ ಆ ನಡುವಿನ ಸ್ಥಿತಿಯನ್ನು ಕೈ, ಕಣ್ಣು, ಕಿವಿಗಳಿಂದ ಕಂಡುಕೊಳ್ಳಬೇಕು. ಅಂಥ ಸೈಕಲ್ಲಿನ ಮೇಲೆ ಗುಡ್ಡವಿಳಿದು ಬಂದವನು ಎರೆಹೊಲಗಳ ನಡುವಿನ ದಾರಿ ಹಿಡಿದು ಮನೆಗೆ ಕ್ಷೇಮವಾಗಿ ತಲುಪುತ್ತಾನೆ. ಸೈಕಲ್ಲಿನ ಹದಕ್ಕೆ ಇದಕ್ಕಿಂತ ದೊಡ್ಡ ಒರೆಗಲ್ಲು ಬೇರೊಂದಿಲ್ಲ.